ಬೆರಳೆಣಿಕೆಯ ಬಂಟರು

ಬೀದರದ ಕೋಟೆಯನ್ನು ಕಂಡವರು ಅದರ ದಕ್ಷಿಣ ದಿಕ್ಕಿನ ಕಂದಕವನ್ನು ಮರೆಯಲಾರರು. ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು, ಒಂದರ ಮಗ್ಗುಲಲ್ಲಿ ಒಂದರಂತೆ ಮೂರು ಕಾಲುವೆಗಳನ್ನು ತೋಡಿದ್ದಾರೆ. ಅವುಗಳ ನಡುವೆ ಅದೇ ಬಂಡೆಯನ್ನು ಗೋಡೆಯಂತೆ ಉಳಿಸಿದ್ದಾರೆ. ಹೊರಗಿನ ಹಗೆ ಒಂದನ್ನು ದಾಟಿದರೆ ಇನ್ನೆರಡು ಕಾದಿರುತ್ತವೆ. ಇಷ್ಟೆಲ್ಲ ಇದ್ದರೂ 1487ರಲ್ಲಿ ಸುಲ್ತಾನ ಮಹಮೂದ್ ಷಹನನ್ನು ಕೊಲ್ಲಲು ಹೊಂಚಿದವರು ಅರಮನೆಯನ್ನೇ ಹೊಕ್ಕುಬಿಟ್ಟರು. ಅವರು ಕಂದಕವನ್ನು ದಾಟಿ ಬಂದವರಲ್ಲ. ಊರೊಳಗಿದ್ದವರು, ಆಸ್ಥಾನದ ಬಳಕೆಯಿದ್ದವರು. ಆಗ ಸುಲ್ತಾನನನ್ನು ಉಳಿಸಿದ್ದು ಕೋಟೆಯಲ್ಲ, ಕೋಟೆಯ ದೊಡ್ಡ ಸೈನ್ಯವೂ ಅಲ್ಲ. ಬಳಿಯಲ್ಲಿದ್ದ ಬೆರಳೆಣಿಕೆಯ ಅಂಗರಕ್ಷಕರು. ಇತಿಹಾಸಕಾರನಾದ ಫೆರಿಷ್ತನು ಬರೆದಿರುವಂತೆ, ಅವರು ಅಡ್ಡನಿಂತು ಕಾದಾಡಿ, ಸುಲ್ತಾನನು ಷಾ ಬುರುಜನ್ನು ಸೇರಿಕೊಳ್ಳುವುದಕ್ಕೆ ಬೇಕಾದಷ್ಟು ಕಾಲವನ್ನು ಗಳಿಸಿಕೊಟ್ಟರು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅಪಾಯ ಕಳೆದ ಮೇಲೆ ಪ್ರತೀಕಾರ ಆರಂಭವಾಯಿತು. ಪಿತೂರಿ ಮಾಡಿದವರು ದಖನಿ ಮತ್ತು ಹಬಷಿ ಪಕ್ಷದವರೆಂಬ ಕಾರಣಕ್ಕೆ, ಆ ಪಕ್ಷದವರೆಂದು ಕಂಡವರನ್ನೆಲ್ಲ ದಿನಗಟ್ಟಲೆ ಹುಡುಕಿ ಕೊಂದರು. ಅರಮನೆಯೊಳಗೆ ಕೆಲವರು ಮಾಡಿದ ಕೆಲಸಕ್ಕೂ ಆಮೇಲೆ ಬೀದಿಯಲ್ಲಿ ಹಲವರು ಮಾಡಿದ ಕೆಲಸಕ್ಕೂ ಇರುವ ಅಂತರವೇನು? ಮೊದಲಿನವರಿಗೆ ತಮ್ಮ ಎದುರಿನವನು ಯಾರೆಂಬುದು ಗೊತ್ತಿತ್ತು. ಎರಡನೆಯವರಿಗೆ ಅದು ಬೇಕಾಗಿಯೇ ಇರಲಿಲ್ಲ.

ಇಂದು ಕಮಾಂಡೋ ಎಂದೊಡನೆ ಕಪ್ಪು ಉಡುಪು, ಮುಖಗವಸು, ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯುವ ಆಳು, ಇವು ನಮ್ಮ ಕಣ್ಣಮುಂದೆ ಸುಳಿಯುತ್ತವೆ. ಇದು ಸಿನಿಮಾದವರು ನಮಗೆ ಮಾಡಿರುವ ಉಪಕಾರ. ಇಂಥವನ ವಿದ್ಯೆಯೆಲ್ಲ ಹೆಚ್ಚು ಗುಂಡು ಹಾರಿಸುವುದರಲ್ಲಿದೆ ಎಂದು ಎಳೆಯರು ತಿಳಿದುಕೊಂಡಿದ್ದರೆ ಆಶ್ಚರ್ಯವೇನೂ ಇಲ್ಲ. ನಿಜವಾಗಿ ನೋಡಿದರೆ ಸಾಮಾನ್ಯ ಸೈನಿಕನಿಗಿಂತ ಕಡಮೆ ಗುಂಡು ಹಾರಿಸುವುದಕ್ಕಾಗಿಯೇ ಅವನನ್ನು ಆರಿಸಿ, ವರ್ಷಗಟ್ಟಲೆ ಪಳಗಿಸುತ್ತಾರೆ. ಇದು ವಿಚಿತ್ರವಾಗಿ ಕಾಣಬಹುದು. ಇದರ ಮರ್ಮವನ್ನು ತಿಳಿಯಲು ಬೀದರದ ಇತಿಹಾಸದಲ್ಲಿಯೇ ಇನ್ನೊಂದು ಪುಟವನ್ನು ತೆರೆಯೋಣ.

ಹೈದರಾಬಾದು ಸಂಸ್ಥಾನದ ಕೊನೆಯ ದಿನಗಳಲ್ಲಿ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ನಡೆಸಿದ ದಾಳಿಗಳನ್ನು ಈ ಜಿಲ್ಲೆಯ ಹಿರಿಯರು ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ. 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದ ನೆನಪಿಗೆ ಅಲ್ಲಿ ಈಗ ಸ್ಮಾರಕವಿದೆ. ಅದೇ ವರ್ಷದ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನದ ಗಡಿಯನ್ನು ದಾಟಿತು. ಸೊಲ್ಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಖ್ಯ ಪಡೆ ಹೊರಟಿತು. ಅದರಲ್ಲಿ ಟ್ಯಾಂಕುಗಳಿದ್ದವು, ಫಿರಂಗಿಗಳಿದ್ದವು. ರಾಜೇಶ್ವರದ ಹಾದಿಯಲ್ಲಿ ಹೊಂಚಿ ಕುಳಿತಿದ್ದವರ ಮೇಲೆ ಟೆಂಪೆಸ್ಟ್ ವಿಮಾನಗಳು ದಾಳಿ ಮಾಡಿ ದಾರಿಯನ್ನು ತೆರವು ಮಾಡಿದವು. ಜಹೀರಾಬಾದಿನತ್ತ ಹೋದ ತುಕಡಿಯನ್ನು ನೆಲದಲ್ಲಿ ಹೂತಿದ್ದ ಸಿಡಿಮದ್ದು ಕೆಲವು ಹೊತ್ತು ತಡೆಯಿತು. 17ರ ನಸುಕಿನಲ್ಲಿ ಸೈನ್ಯ ಬೀದರವನ್ನು ಪ್ರವೇಶಿಸಿತು. 18ರಂದು ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಶರಣಾದನು. ಸೈನ್ಯಕ್ಕೆ ಸೈನ್ಯ ಎದುರಾದಾಗ ದೊಡ್ಡ ಬಲವು ಎಷ್ಟು ಬೇಗ ಕೆಲಸವನ್ನು ಮುಗಿಸುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ರಜಾಕಾರನು ಸೈನಿಕನಂತೆ ಸಾಲಿನಲ್ಲಿ ಬಂದು ಬಂದೂಕನ್ನು ಒಪ್ಪಿಸುವವನಲ್ಲ. ಅವನು ಸಮವಸ್ತ್ರವನ್ನು ಬಾವಿಗೆ ಎಸೆದರೆ ಮರುಗಳಿಗೆಯೇ ಊರಿನ ಹತ್ತು ಜನರಲ್ಲಿ ಒಬ್ಬ. ಆ ಹತ್ತು ಜನರಲ್ಲಿ ಅವನು ಯಾರೆಂದು ಹೇಳಬಲ್ಲ ವ್ಯವಸ್ಥೆ ಆಗ ಇರಲಿಲ್ಲ. ಅದನ್ನು ಕಾದು ನೋಡುವ ತಾಳ್ಮೆ ಊರುಗಳಲ್ಲಿ ಉಳಿದಿರಲಿಲ್ಲ. ಪ್ರತೀಕಾರವು ನಿರಪರಾಧಿ ಮುಸಲ್ಮಾನ ಕುಟುಂಬಗಳ ಮೇಲೆ ಎರಗಿತು. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ತಂಡವು ಸಂಸ್ಥಾನದಲ್ಲಿ ಸುತ್ತಾಡಿ, ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದು, ಗುಲ್ಬರ್ಗ, ಬೀದರ ಮತ್ತು ನಾಂದೇಡಗಳನ್ನು. ಆ ವರದಿ ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ಗೋರ್ಟಾದ ದುಃಖವನ್ನೂ ಈ ದುಃಖವನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಕಡಮೆ; ನಾವು ಎರಡನ್ನೂ ಇಲ್ಲಿ ಬರೆದಿದ್ದೇವೆ. ಏಕೆಂದರೆ ಎರಡರಲ್ಲಿಯೂ ಸತ್ತವರು ಆಯುಧವಿಲ್ಲದವರು.

ಭಯೋತ್ಪಾದಕನ ಬಲವಿರುವುದು ಇಲ್ಲಿಯೇ. ಅವನು ಜನರ ನಡುವೆ ನಿಲ್ಲುತ್ತಾನೆ. ಅವನನ್ನು ಹೊಡೆಯುವ ಏಟು ಅವನ ಪಕ್ಕದವರಿಗೂ ತಗಲಲಿ ಎಂಬುದೇ ಅವನ ಇಚ್ಛೆ. ಹಾಗೆ ತಗಲಿದರೆ ಅವನಿಗೆ ಹೊಸ ಗೆಳೆಯರು ಹುಟ್ಟುತ್ತಾರೆ. ಟ್ಯಾಂಕಿಗೆ ಈ ಸಂಕಟವನ್ನು ಬಿಡಿಸುವ ಶಕ್ತಿಯಿಲ್ಲ. ಕಾಳಿನಿಂದ ಕಲ್ಲನ್ನು ಆರಿಸಲು ಗುದ್ದಲಿ ತಂದಂತೆ ಆಗುತ್ತದೆ.

ಈ ಸತ್ಯವನ್ನು ಜಗತ್ತು ಪೆಟ್ಟು ತಿಂದೇ ಕಲಿತುಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಬ್ರಿಟಿಷರು ಉತ್ತರ ಆಫ್ರಿಕದಲ್ಲಿ ಕಟ್ಟಿದ ಎಸ್.ಎ.ಎಸ್. ಎಂಬ ಸಣ್ಣ ದಳ ಶತ್ರುವಿನ ವಿಮಾನಗಳನ್ನು ಅವುಗಳ ನೆಲೆಯಲ್ಲಿಯೇ ಸುಡುವುದಕ್ಕೆ ಹುಟ್ಟಿದ್ದು. ಒತ್ತೆಯಾಳುಗಳನ್ನು ಬಿಡಿಸುವ ಯೋಚನೆ ಆಗ ಯಾರಿಗೂ ಇರಲಿಲ್ಲ. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಎಂಟು ಮಂದಿ ಬಂದೂಕುಧಾರಿಗಳು ಇಸ್ರೇಲಿನ ಆಟಗಾರರನ್ನು ಸೆರೆಹಿಡಿದರು. ಅವರನ್ನು ಹೊಡೆಯಲು ಜರ್ಮನಿಯ ಪೊಲೀಸರು ಇರಿಸಿದ್ದ ಗುರಿಕಾರರು ಐವರು. ಎಂಟಕ್ಕೆ ಐದು! ಆ ಐವರಿಗೆ ಒಬ್ಬರೊಡನೊಬ್ಬರು ಮಾತಾಡಲು ರೇಡಿಯೋ ಇರಲಿಲ್ಲ. ಕತ್ತಲೆಯಲ್ಲಿ ನೋಡುವ ದುರ್ಬೀನೂ ಇರಲಿಲ್ಲ. ಹನ್ನೊಂದು ಮಂದಿ ಇಸ್ರೇಲಿಯರೂ ಸತ್ತರು. ಅದೇ ತಿಂಗಳು ಜರ್ಮನಿ ಜಿ.ಎಸ್.ಜಿ. 9 ಎಂಬ ವಿಶೇಷ ದಳವನ್ನು ಸ್ಥಾಪಿಸಿತು. ಐದು ವರ್ಷಗಳ ತರುವಾಯ, 1977ರ ಅಕ್ಟೋಬರಿನಲ್ಲಿ, ಅಪಹೃತವಾದ ಜರ್ಮನ್ ವಿಮಾನವೊಂದು ಸೋಮಾಲಿಯದ ಮೊಗದಿಶುವಿನಲ್ಲಿ ನಿಂತಿದ್ದಾಗ, ಆ ದಳ ಕೆಲವೇ ನಿಮಿಷಗಳಲ್ಲಿ ಒಳನುಗ್ಗಿ 86 ಪ್ರಯಾಣಿಕರನ್ನೂ ಜೀವಸಹಿತ ಬಿಡಿಸಿತು.

ಭಾರತದ ಪಾಠಶಾಲೆ ಅಮೃತಸರ. 1984ರ ಜೂನಿನಲ್ಲಿ ಸ್ವರ್ಣಮಂದಿರದೊಳಗೆ ಸೈನ್ಯವೇ ಟ್ಯಾಂಕುಗಳೊಂದಿಗೆ ಹೋಗಬೇಕಾಯಿತು. ಅಕಾಲ್ ತಖ್ತ್ ಬಹಳಮಟ್ಟಿಗೆ ನಾಶವಾಯಿತು, ಯಾತ್ರಿಕರು ಸತ್ತರು, ಒಂದು ಸಮುದಾಯದ ಮನಸ್ಸಿಗೆ ಆದ ಗಾಯ ದೇಶವನ್ನೇ ಸುಟ್ಟಿತು. ಅದೇ ವರ್ಷ ರಾಷ್ಟ್ರೀಯ ಭದ್ರತಾ ದಳವನ್ನು, ಎಂದರೆ ಜನರು ಎನ್.ಎಸ್.ಜಿ. ಎಂದು ಕರೆಯುವ ಪಡೆಯನ್ನು, ಕಟ್ಟಲಾಯಿತು. ಅದರ ಒಂದು ಅಂಗಕ್ಕೆ ಭೂಸೈನ್ಯದಿಂದ, ಇನ್ನೊಂದಕ್ಕೆ ಕೇಂದ್ರದ ಪೊಲೀಸು ಪಡೆಗಳಿಂದ ಆಳುಗಳನ್ನು ಆರಿಸುತ್ತಾರೆ. 1988ರ ಮೇ ತಿಂಗಳಲ್ಲಿ ಅದೇ ಮಂದಿರದಲ್ಲಿ ಮತ್ತೆ ಶಸ್ತ್ರಧಾರಿಗಳು ಸೇರಿಕೊಂಡಾಗ ನಡೆದುದನ್ನು ನೋಡಬೇಕು. ದಳದವರು ಎತ್ತರದ ಸ್ಥಾನಗಳಲ್ಲಿ ಗುರಿಕಾರರನ್ನು ಇರಿಸಿ, ಸುತ್ತಲೂ ದಿಗ್ಬಂಧನ ಮಾಡಿ, ನೀರನ್ನೂ ವಿದ್ಯುತ್ತನ್ನೂ ನಿಲ್ಲಿಸಿ, ಕಾದರು. ಪಂಜಾಬಿನ ಮೇ ತಿಂಗಳ ಬಿಸಿಲು ಅವರ ಪರವಾಗಿ ಕೆಲಸ ಮಾಡಿತು. ಹತ್ತನೆಯ ದಿನ, 18ರಂದು, ಒಳಗೆ ಉಳಿದಿದ್ದವರು ಕೈಯೆತ್ತಿಕೊಂಡು ಹೊರಗೆ ಬಂದರು. ಮಂದಿರಕ್ಕೆ ಆದ ಹಾನಿ ಅತ್ಯಲ್ಪ. ನಮ್ಮ ಮಟ್ಟಿಗೆ ಈ ದಳದ ಅತ್ಯುತ್ತಮ ಕಾರ್ಯ ಇದೇ. ಇದನ್ನು ಕುರಿತು ಸಿನಿಮಾ ತೆಗೆದರೆ ನೋಡಲು ಯಾರೂ ಬರಲಾರರು, ಅದು ಬೇರೆ ಮಾತು.

ಕಾಯಲು ಅವಕಾಶವಿಲ್ಲದಾಗ ಬಾಗಿಲನ್ನು ಒಡೆದು ಒಳಹೋಗಲೇಬೇಕು. ಅಲ್ಲಿ ನಡೆಯುವುದನ್ನು ಶರೀರಶಾಸ್ತ್ರದ ದೃಷ್ಟಿಯಿಂದ ನೋಡೋಣ. ಕತ್ತಲೆಯ ಕೋಣೆಯಲ್ಲಿ ದೀಪವೊಂದು ಹೊತ್ತಿದೊಡನೆ ಗುಂಡಿಯನ್ನು ಒತ್ತಬೇಕೆಂದು ನಿಮಗೆ ಹೇಳಿದರೆ, ನೀವು ಅದನ್ನು ಮಾಡಲು ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಪಾಲು ಕಾಲ ಹಿಡಿಯುತ್ತದೆ. ಹಲವು ದೀಪಗಳಿದ್ದು ಪ್ರತಿಯೊಂದಕ್ಕೂ ಬೇರೆಬೇರೆ ಗುಂಡಿಯಿದ್ದರೆ ಕಾಲ ಹೆಚ್ಚುತ್ತದೆ. ಆಯ್ಕೆಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಈ ಕಾಲಕ್ಕೆ ಹೆಚ್ಚುಕಡಮೆ ಒಂದೇ ಅಳತೆಯ ತುಣುಕು ಸೇರುತ್ತ ಹೋಗುತ್ತದೆಂದು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಹಿಕ್ 1952ರಲ್ಲಿ ತೋರಿಸಿಕೊಟ್ಟನು. ಈಗ ಕೋಣೆಯಲ್ಲಿ ದೀಪಗಳಿಗೆ ಬದಲು ಮನುಷ್ಯರಿದ್ದಾರೆಂದು ಭಾವಿಸಿ. ಇಪ್ಪತ್ತು ಜನ, ಅವರಲ್ಲಿ ಇಬ್ಬರು ಕೊಲೆಗಡುಕರು. ಹೆದರಿದ ಒತ್ತೆಯಾಳು ಓಡುತ್ತಾನೆ, ಕೈಯಲ್ಲಿ ದೂರವಾಣಿಯನ್ನು ಹಿಡಿದಿರುತ್ತಾನೆ. ಕೊಲೆಗಡುಕ ಬಂದೂಕನ್ನು ಮರೆಮಾಡಿ ಒತ್ತೆಯಾಳುಗಳ ನಡುವೆ ಮಲಗಿರುತ್ತಾನೆ. ಒಳಹೊಕ್ಕವನು ಮುಖವನ್ನಲ್ಲ, ಕೈಗಳನ್ನು ನೋಡಬೇಕು. ಅರ್ಧ ಸೆಕೆಂಡಿನಲ್ಲಿ ಹೌದು ಅಲ್ಲ ಎಂದು ತೀರ್ಮಾನಿಸಬೇಕು. ಬಂದೂಕು ಹಿಡಿದವನು ತಡೆದರೆ ಒತ್ತೆಯಾಳು ಸಾಯುತ್ತಾನೆ, ದುಡುಕಿದರೂ ಒತ್ತೆಯಾಳೇ ಸಾಯುತ್ತಾನೆ.

ಇದಕ್ಕಾಗಿಯೇ ಇಂಥ ದಳಗಳ ಶಿಬಿರಗಳಲ್ಲಿ ಕೋಣೆಗಳುಳ್ಳ ಅಭ್ಯಾಸದ ಮನೆಗಳನ್ನು ಕಟ್ಟಿರುತ್ತಾರೆ. ಒಳಗೆ ಮನುಷ್ಯಾಕೃತಿಯ ಹಲಗೆಗಳು: ಕೆಲವದರ ಕೈಯಲ್ಲಿ ಪಿಸ್ತೂಲಿನ ಚಿತ್ರ, ಕೆಲವದರ ಕೈಯಲ್ಲಿ ಮಗುವಿನ ಚಿತ್ರ. ಪ್ರತಿದಿನವೂ ಅವುಗಳ ಜಾಗ ಬದಲಾಗುತ್ತದೆ. ನಿಜವಾದ ಗುಂಡುಗಳಿಂದಲೇ ಅಭ್ಯಾಸ. ಸಾವಿರಾರು ಸಲ ಮಾಡಿದ ಮೇಲೆ ಬಾಗಿಲು, ಮೂಲೆ, ಜೊತೆಗಾರನ ಸ್ಥಾನ ಇವೆಲ್ಲ ಕೈಕಾಲುಗಳಿಗೆ ತಾವಾಗಿಯೇ ತಿಳಿದಿರುತ್ತವೆ. ಬುದ್ಧಿಯು ಒಂದೇ ಪ್ರಶ್ನೆಗೆ ಮೀಸಲಾಗಿ ಉಳಿಯುತ್ತದೆ: ಇವನು ಯಾರು? ಸಂಗೀತಗಾರನ ಬೆರಳುಗಳಿಗೆ ಸ್ವರಸ್ಥಾನವು ಒಗ್ಗಿಹೋದ ಮೇಲೆ ಅವನ ಮನಸ್ಸು ರಾಗದ ಕಡೆಗೆ ತಿರುಗುವುದಿಲ್ಲವೆ? ಹಾಗೆಯೇ ಇದೂ.

ಎದುರಾಳಿಯ ಅರ್ಧ ಸೆಕೆಂಡನ್ನು ಕಸಿದುಕೊಳ್ಳುವ ಉಪಾಯಗಳೂ ಇವೆ. ಬ್ರಿಟನ್ನಿನ ವಿಶೇಷ ದಳ 1970ರ ದಶಕದಲ್ಲಿ ರೂಪಿಸಿದ ಬೆಳಕು-ಸದ್ದಿನ ಕೈಬಾಂಬಿನಲ್ಲಿ ಚೂರುಗಳಾಗಿ ಸಿಡಿಯುವ ಕವಚವಿಲ್ಲ. ಲೋಹದ ಪುಡಿಯೂ ಅದನ್ನು ಥಟ್ಟನೆ ಉರಿಸುವ ಲವಣವೂ ಮಾತ್ರ ಇರುತ್ತವೆ. ಅದರ ಬೆಳಕಿಗೆ ಕಣ್ಣಿನ ಅಕ್ಷಿಪಟಲದ ಬಣ್ಣದ ವಸ್ತು ಕ್ಷಣದಲ್ಲಿ ಬಿಳಚಿಕೊಂಡು, ಕೆಲವು ಸೆಕೆಂಡುಗಳ ಕಾಲ ಕಂಡ ಚಿತ್ರವೇ ಕಣ್ಣಿಗೆ ಅಂಟಿಕೊಂಡಂತೆ ಆಗುತ್ತದೆ. ಸದ್ದು 170 ಡೆಸಿಬೆಲ್ಲಿನಷ್ಟು, ಕಿವಿ ಕೆಪ್ಪಾಗುತ್ತದೆ. ರಾತ್ರಿಯಲ್ಲಿ ನೋಡುವ ದುರ್ಬೀನಿನಲ್ಲಿ ನಕ್ಷತ್ರಗಳ ಮಂದವಾದ ಬೆಳಕು ಒಂದು ಲೇಪಕ್ಕೆ ತಾಗಿ ಎಲೆಕ್ಟ್ರಾನುಗಳನ್ನು ಹೊರಡಿಸುತ್ತದೆ. ಅವು ಕೂದಲಿಗಿಂತ ಸಣ್ಣ ರಂಧ್ರಗಳ ಬಿಲ್ಲೆಯಲ್ಲಿ ಸಾವಿರಾರು ಪಟ್ಟು ಹೆಚ್ಚಿ, ಹೊಳೆಯುವ ಪರದೆಗೆ ಬಡಿದು ಚಿತ್ರವಾಗುತ್ತವೆ. ಈ ಚಿತ್ರ ಬಹುಮಟ್ಟಿಗೆ ಹಸಿರು, ಏಕೆಂದರೆ ನಮ್ಮ ಕಣ್ಣು ಹಸಿರಿನ ಬಳಿಯ ಬೆಳಕಿಗೆ ಅತಿ ಹೆಚ್ಚು ಸೂಕ್ಷ್ಮವಾಗಿದೆ.

ಉಪಕರಣಗಳಿಂದಲೇ ಎಲ್ಲವೂ ಆಗುವುದಿಲ್ಲವೆಂಬುದನ್ನು ರಷ್ಯ ತೋರಿಸಿತು. 2002ರ ಅಕ್ಟೋಬರಿನಲ್ಲಿ ಮಾಸ್ಕೋದ ನಾಟಕಶಾಲೆಯೊಂದರಲ್ಲಿ ಎಂಟುನೂರಕ್ಕೂ ಹೆಚ್ಚು ಜನ ಸೆರೆಯಾಗಿದ್ದರು. ವಿಶೇಷ ದಳ ಮಂಪರು ಬರಿಸುವ ಅನಿಲವನ್ನು ಒಳಗೆ ಬಿಟ್ಟು, ನುಗ್ಗಿ, ಸೆರೆಹಿಡಿದಿದ್ದವರನ್ನೆಲ್ಲ ಕೊಂದಿತು. ಯುದ್ಧವಿದ್ಯೆಯ ದೃಷ್ಟಿಯಿಂದ ಅದರಲ್ಲಿ ಕುಂದಿರಲಿಲ್ಲ. ಆದರೆ ಹೊರಗೆ ತಂದ ಒತ್ತೆಯಾಳುಗಳನ್ನು ಮೆಟ್ಟಿಲ ಮೇಲೆ ಅಂಗಾತ ಮಲಗಿಸಿದರು. ನಾಲಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಿತು. ಯಾವ ಅನಿಲವೆಂಬುದನ್ನು ವೈದ್ಯರಿಗೆ ಹೇಳಲಿಲ್ಲ. ಸುಮಾರು 130 ಜನ ಸತ್ತರು. ಅವರಲ್ಲಿ ಬಹುತೇಕ ಎಲ್ಲರೂ ಸತ್ತದ್ದು ಬಿಡಿಸಬಂದವರ ಅನಿಲದಿಂದ.

ಇನ್ನು ಕಾಲದ ಲೆಕ್ಕ. ಮತ್ತೆ ಅಮೃತಸರಕ್ಕೇ ಹೋಗೋಣ, ಈ ಸಲ ಅಲ್ಲಿಯ ವಿಮಾನ ನಿಲ್ದಾಣಕ್ಕೆ. 1993ರ ಏಪ್ರಿಲ್ 24ರಂದು ಅಪಹೃತವಾದ ಭಾರತೀಯ ವಿಮಾನ ಅಲ್ಲಿ ಇಳಿಯಿತು. ಎನ್.ಎಸ್.ಜಿ.ಯವರು ರಾತ್ರಿಯೇ ತಲುಪಿ, ನಡುರಾತ್ರಿ ಕಳೆದ ಮೇಲೆ ಐದು ನಿಮಿಷದೊಳಗಾಗಿ ಕೆಲಸವನ್ನು ಮುಗಿಸಿದರು. ಒಳಗಿದ್ದ 141 ಮಂದಿಗೂ ಅಪಾಯವಾಗಲಿಲ್ಲ. 1999ರ ಡಿಸೆಂಬರ್ 24ರಂದು ಅದೇ ನಿಲ್ದಾಣದಲ್ಲಿ ಇನ್ನೊಂದು ಅಪಹೃತ ವಿಮಾನ ಮುಕ್ಕಾಲು ಗಂಟೆಗೂ ಹೆಚ್ಚು ಕಾಲ ನಿಂತಿತ್ತು. ದಳ ತಲುಪುವಷ್ಟರಲ್ಲಿ ಅದು ಮೇಲಕ್ಕೆ ಹಾರಿತ್ತು, ಕಂದಹಾರದವರೆಗೂ ಹೋಯಿತು. ದಳದ ಕೌಶಲದಲ್ಲಿ ಆರು ವರ್ಷಗಳಲ್ಲಿ ಕೊರತೆಯೇನೂ ಆಗಿರಲಿಲ್ಲ. ಅದು ಸ್ಥಳದಲ್ಲಿ ಇರಲಿಲ್ಲ, ಅಷ್ಟೆ.

2008ರ ನವೆಂಬರ್ 26ರ ರಾತ್ರಿ ಮುಂಬಯಿಯಲ್ಲಿ ಹತ್ತು ಮಂದಿ ಕೊಲೆಗಡುಕರು ಇಳಿದಾಗ ಈ ದಳವಿದ್ದುದು ದೆಹಲಿಯ ಬಳಿಯ ಮಾನೇಸರದಲ್ಲಿ. ಅವರನ್ನು ಕರೆದೊಯ್ಯಬೇಕಾದ ದೊಡ್ಡ ವಿಮಾನವಿದ್ದುದು ಚಂಡೀಗಡದಲ್ಲಿ. ದಳ ತಾಜ್ ಹೋಟೆಲನ್ನು ಹೊಕ್ಕಾಗ ಮರುದಿನ ಬೆಳಗಾಗಿತ್ತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್, ಗಾಯಗೊಂಡ ಜೊತೆಗಾರನನ್ನು ಸುರಕ್ಷಿತವಾಗಿ ಕಳುಹಿಸಿ, ತಾವು ಒಬ್ಬರೇ ಮುಂದುವರಿದು 28ರಂದು ಅಲ್ಲಿ ಪ್ರಾಣ ಬಿಟ್ಟರು. ಆದರೆ ಆ ಹತ್ತು ಜನರಲ್ಲಿ ಜೀವಸಹಿತ ಸಿಕ್ಕಿದವನು ಒಬ್ಬನೇ; ಅವನನ್ನು ಹಿಡಿದದ್ದು ಯಾವ ವಿಶೇಷ ದಳವೂ ಅಲ್ಲ. ಮುಂಬಯಿ ಪೊಲೀಸಿನ ಸಹಾಯಕ ಸಬ್‌ಇನ್ಸ್‌ಪೆಕ್ಟರ್ ತುಕಾರಾಮ್ ಓಂಬ್ಳೆ, ಕೈಯಲ್ಲಿ ಲಾಠಿಯ ಹೊರತು ಏನೂ ಇಲ್ಲದವರು, ಕಸಬನ ಬಂದೂಕಿನ ನಳಿಗೆಯನ್ನು ಅಪ್ಪಿಹಿಡಿದು, ಗುಂಡುಗಳನ್ನು ತಮ್ಮ ಮೈಯಲ್ಲಿ ತೆಗೆದುಕೊಂಡರು. ಉಳಿದವರು ಅಷ್ಟರಲ್ಲಿ ಅವನನ್ನು ಕೆಡವಿದರು.

2009ರಲ್ಲಿ ಎನ್.ಎಸ್.ಜಿ. ಮುಂಬಯಿ, ಹೈದರಾಬಾದು, ಚೆನ್ನೈ, ಕೋಲ್ಕತ್ತಗಳಲ್ಲಿ ನೆಲೆಗಳನ್ನು ಸ್ಥಾಪಿಸಿತು. ಕರ್ನಾಟಕ ಪೊಲೀಸು ಗರುಡ ಎಂಬ ತನ್ನದೇ ದಳವನ್ನು ಕಟ್ಟಿತು. ಬೆಂಗಳೂರಿನ ಕೂಡ್ಲುವಿನಲ್ಲಿ ಇದರ ತರಬೇತಿಗೆ ಕೇಂದ್ರವಿದೆ. ವಾಯುಪಡೆ ತನ್ನ ನೆಲೆಗಳ ರಕ್ಷಣೆಗಾಗಿ 2004ರಲ್ಲಿಯೇ ಕಟ್ಟಿದ ಗರುಡ ಕಮಾಂಡೋ ಪಡೆ ಬೇರೆ. ಹೆಸರು ಒಂದಾದುದರಿಂದ ಪತ್ರಿಕೆಯವರೂ ಒಮ್ಮೊಮ್ಮೆ ಎಡವುತ್ತಾರೆ.

ಈ ನಕ್ಷೆಯ ಮೇಲೆ ಬೀದರ ಜಿಲ್ಲೆಯನ್ನು ಇಟ್ಟು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಬೆಂಗಳೂರು ಇಲ್ಲಿಂದ ಸುಮಾರು 700 ಕಿಲೋಮೀಟರು. ಹೈದರಾಬಾದು ಅದರ ಐದನೆಯ ಒಂದು ಪಾಲು ಮಾತ್ರ. ರಾಜ್ಯದ ದಳಕ್ಕಿಂತ ಕೇಂದ್ರದ ದಳವೇ ಬೀದರಕ್ಕೆ ಹತ್ತಿರ. ಆದರೂ ಔರಾದಿನ ಸಂತೆಯಲ್ಲೋ, ವಿಕಾರಾಬಾದು-ಪರಳಿ ಮಾರ್ಗದ ಭಾಲ್ಕಿ ರೈಲು ನಿಲ್ದಾಣದಲ್ಲೋ ಏನಾದರೂ ಆದರೆ, ಕರೆ ಹೋಗಿ, ಆಜ್ಞೆ ಬಂದು, ಆಯುಧ ಸಜ್ಜಾಗಿ, ರಸ್ತೆಯಲ್ಲಿ ಬರುವುದಕ್ಕೆ ನಾಲ್ಕಾರು ಗಂಟೆ ಹಿಡಿಯುವುದು ಸಹಜ. ಹೆಲಿಕಾಪ್ಟರು ಸಿಕ್ಕಿದರೆ ಹಾರಾಟದ ಕಾಲ ಒಂದು ಗಂಟೆಯೊಳಗೆ. ಸಜ್ಜಾಗುವ ಕಾಲ ಮಾತ್ರ ಹಾಗೆಯೇ ಉಳಿಯುತ್ತದೆ. ಬೀದರ ನಗರದ ಮಗ್ಗುಲಲ್ಲಿಯೇ ವಾಯುನೆಲೆಯಿದೆ. 2008ರಿಂದ ಇಲ್ಲಿ ಹಾಕ್ ವಿಮಾನಗಳಲ್ಲಿ ಯುದ್ಧವೈಮಾನಿಕರಿಗೆ ತರಬೇತಿ ಕೊಡುತ್ತಿದ್ದಾರೆ. ವಾಯುನೆಲೆಯೂ ಗುರಿಯಾಗಬಲ್ಲದೆಂಬುದನ್ನು 2016ರ ಜನವರಿಯಲ್ಲಿ ಪಠಾಣಕೋಟೆ ತಿಳಿಸಿಕೊಟ್ಟಿತು. ಅಲ್ಲಿ ಭದ್ರತಾ ಕೋರಿನ ಹವಾಲ್ದಾರ್ ಜಗದೀಶ್ ಚಂದ್ ಬರಿಗೈಯಲ್ಲಿ ಒಬ್ಬ ದಾಳಿಕಾರನ ಮೇಲೆ ಬಿದ್ದು, ಅವನ ಬಂದೂಕಿನಿಂದಲೇ ಅವನನ್ನು ಕೊಂದು, ತಾವೂ ಸತ್ತರು. ಬೆಂಗಳೂರಿನವರೇ ಆದ ಎನ್.ಎಸ್.ಜಿ.ಯ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಸತ್ತದ್ದು ಗುಂಡಿನ ಕಾಳಗದಲ್ಲಲ್ಲ. ಸತ್ತ ದಾಳಿಕಾರನ ದೇಹವನ್ನು ಪರೀಕ್ಷಿಸುವಾಗ ಅದರಲ್ಲಿದ್ದ ಕೈಬಾಂಬು ಸಿಡಿದು.

ಆದುದರಿಂದ ಮೊದಲ ಕೆಲವು ಗಂಟೆಗಳು ಎಲ್ಲಿಯೇ ಆಗಲಿ ಸ್ಥಳೀಯ ಠಾಣೆಯವು. ಆ ಹೊತ್ತಿನಲ್ಲಿ ಠಾಣೆಯವರು ವಿಶೇಷ ದಳದ ಕೆಲಸವನ್ನು ಮಾಡಲು ಹೋಗಬೇಕಾದುದಿಲ್ಲ. ಅದಕ್ಕೆ ಬೇಕಾದುದನ್ನು ಕೂಡಿಡಬೇಕು. ಸುತ್ತಲಿನ ಜನರನ್ನು ದೂರ ಸರಿಸಬೇಕು. ತಪ್ಪಿಸಿಕೊಂಡು ಬಂದವರನ್ನು ಒಂದು ಕಡೆ ಕೂರಿಸಿ, ಒಳಗೆ ಎಷ್ಟು ಜನ, ಯಾರು ಯಾವ ಬಟ್ಟೆ ತೊಟ್ಟಿದ್ದಾರೆ ಎಂಬುದನ್ನು ಬರೆದುಕೊಳ್ಳಬೇಕು. ಕಟ್ಟಡದ ನಕ್ಷೆ ಸಿಕ್ಕದಿದ್ದರೆ ಅದನ್ನು ಕಟ್ಟಿದ ಮೇಸ್ತ್ರಿಯನ್ನೇ ಹುಡುಕಿ ತರಬೇಕು. ಬಾಗಿಲು ಒಳಕ್ಕೆ ತೆರೆಯುತ್ತದೆಯೋ ಹೊರಕ್ಕೋ ಎಂಬಷ್ಟು ಸಣ್ಣ ಸಂಗತಿಯ ಮೇಲೆ ಜೀವಗಳು ನಿಂತಿರುತ್ತವೆ. ಆಸ್ಪತ್ರೆಗೆ ಮುಂಚಿತವಾಗಿಯೇ ಹೇಳಿಡಬೇಕು; ಮಾಸ್ಕೋದ ಮೆಟ್ಟಿಲುಗಳು ನೆನಪಿರಲಿ.

ಎಲ್ಲಕ್ಕಿಂತ ಮಿಗಿಲಾಗಿ, ಔರಾದು ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ತಾಗಿದ ತಾಲ್ಲೂಕು. ಅಲ್ಲಿಯ ಅಂಗಡಿ ಬೀದಿಯಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಒಬ್ಬನೇ ಮನುಷ್ಯ ಗಿರಾಕಿಯನ್ನು ನೋಡಿಕೊಂಡು ಮೂರರಲ್ಲಿ ಚೌಕಾಸಿ ಮಾಡುತ್ತಾನೆ. ಮಾನೇಸರದಲ್ಲಿ ಪಳಗಿದ ಗುರಿಕಾರನಿಗೆ ಕೈಗಳನ್ನು ಓದಲು ಬರುತ್ತದೆ, ಈ ಮಾತುಗಳನ್ನು ಓದಲು ಬರುವುದಿಲ್ಲ. ಕಿಟಕಿಯ ಹಿಂದಿನಿಂದ ಕೂಗಿದವನು ಉದಗೀರದ ಕಡೆಯವನೋ, ನಾರಾಯಣಖೇಡದವನೋ, ಅಥವಾ ಈ ಸೀಮೆಯವನೇ ಅಲ್ಲವೋ ಎಂಬುದನ್ನು ಎರಡು ವಾಕ್ಯ ಕೇಳಿ ಹೇಳಬಲ್ಲವನು ಇಪ್ಪತ್ತು ವರ್ಷ ಅಲ್ಲಿಯೇ ಬೀಟು ತಿರುಗಿದ ಮುಖ್ಯ ಪೇದೆ. ಹೈದರಾಬಾದಿನಿಂದ ಬಂದಿಳಿದ ದಳದ ನಾಯಕನು ಎಲ್ಲಕ್ಕಿಂತ ಮೊದಲು ಹುಡುಕಬೇಕಾದುದು ಆ ಪೇದೆಯನ್ನು.